ಡೊಲೊಮೈಟ್ಸ್‌ನಲ್ಲಿ ಮಕ್ಕಳೊಂದಿಗೆ ಬೆಟ್ಟ ಹತ್ತುವುದು: ಬೇಸಿಗೆಯ ಒಂದು ವಾರಕ್ಕೆ ಮಾರ್ಗದರ್ಶಿ

ಇಟಲಿಯ ಈಶಾನ್ಯ ಮೂಲೆಯ ಡೊಲೊಮೈಟ್ಸ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಬಸ್ಸು, ಕೇಬಲ್ ಕಾರು, ಗುರುತು ಹಾಕಿದ ದಾರಿ, ಬಿಸಿ ಊಟ ಸಿಗುವ ಬೆಟ್ಟದ ಮನೆಗಳು ಎಲ್ಲವೂ ಇವೆ. ಆ ಅನುಕೂಲವೇ ಕೆಲವೊಮ್ಮೆ ಎಚ್ಚರ ತಪ್ಪಿಸುತ್ತದೆ. ಹತ್ತಿಪ್ಪತ್ತು ನಿಮಿಷದಲ್ಲಿ 2500 ಮೀಟರ್ ಎತ್ತರಕ್ಕೆ ಏರಿ ಕೂತವರಿಗೆ ತಾವು ಬೆಟ್ಟದ ಮೇಲಿದ್ದೇವೆ ಎಂಬುದೇ ಮರೆತುಹೋಗುತ್ತದೆ. ಮಧ್ಯಾಹ್ನ ಮೂರಕ್ಕೆ ಗುಡುಗು ಶುರುವಾದಾಗ ನೆನಪಾಗುತ್ತದೆ. ಹಾಗಾಗಿ ಮುಂದೆ ಹೇಳುವುದೆಲ್ಲ ಎರಡು ಲೆಕ್ಕಗಳ ಮೇಲೆ ನಿಂತಿದೆ. ಮನೆಯಲ್ಲಿ ಅತಿ ಚಿಕ್ಕ ಕಾಲು ಯಾರದೋ ಅವರ ನಡಿಗೆಗೆ ತಕ್ಕಂತೆ ದಿನದ ಯೋಜನೆ ಇರಬೇಕು. ಮತ್ತು ಮಧ್ಯಾಹ್ನ ಎರಡೂವರೆಯೊಳಗೆ ಬಯಲು ಎತ್ತರವನ್ನು ಬಿಟ್ಟಿರಬೇಕು.

1. ಮೊದಲು ತಿಂಗಳು ಗೊತ್ತು ಮಾಡಿ

ಕರ್ನಾಟಕದ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ ಮತ್ತು ಮೇ. ಆ ಹೊತ್ತಿಗೆ ಡೊಲೊಮೈಟ್ಸ್‌ನ ಮೇಲಿನ ದಾರಿಗಳಲ್ಲಿ ಹಿಮ ಇನ್ನೂ ಕರಗಿರುವುದಿಲ್ಲ. ಸ್ಕೀ ಕಾಲ ಮುಗಿಸಿದ ಕೇಬಲ್ ಕಾರುಗಳು ನಿಂತಿರುತ್ತವೆ, ಬೆಟ್ಟದ ಮನೆಗಳು ಬಾಗಿಲು ಹಾಕಿರುತ್ತವೆ. ಅಕ್ಟೋಬರಿನ ದಸರಾ ರಜೆಯೂ ಅಷ್ಟೇ. ಬಹಳಷ್ಟು ಎತ್ತರದ ಮನೆಗಳು ಸೆಪ್ಟೆಂಬರ್ ಕೊನೆಗೆ ಮುಚ್ಚಿಬಿಡುತ್ತವೆ. ಹಾಗಾಗಿ ಊರಿನಿಂದ ಹೊರಡುವವರು ಶಾಲೆಯಿಂದ ವಾರ, ಹತ್ತು ದಿನದ ರಜೆ ಕೇಳಲೇಬೇಕು. ಜರ್ಮನಿ, ನೆದರ್‌ಲ್ಯಾಂಡ್ಸ್, ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಮಕ್ಕಳ ರಜೆಯೇ ಜುಲೈ–ಆಗಸ್ಟ್‌ನಲ್ಲಿ ಬರುವುದರಿಂದ ಈ ತೊಂದರೆಯಿಲ್ಲ.

ಒಳ್ಳೆಯ ಹೊತ್ತು ಎರಡು. ಜೂನ್ ಕೊನೆಯ ವಾರದಿಂದ ಜುಲೈ ಮಧ್ಯದವರೆಗೆ ಹುಲ್ಲುಗಾವಲಿನಲ್ಲಿ ಹೂವಿರುತ್ತದೆ, ಹಗಲು ಉದ್ದ. ಆದರೆ ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳಲ್ಲಿ ಹಿಮದ ತೇಪೆಗಳು ಉಳಿದಿರಬಹುದು. ಸೆಪ್ಟೆಂಬರಿನ ಮೊದಲ ಮೂರು ವಾರಗಳಲ್ಲಿ ಜನ ಕಡಿಮೆ, ಗುಡುಗು ಸಿಡಿಲೂ ಕಡಿಮೆ; ಬೆಳಗ್ಗೆ ಚಳಿ ಹೆಚ್ಚು. ಆಗಸ್ಟ್ 15ರ ಫೆರ್ರಗೊಸ್ತೊ ಹಬ್ಬದ ಆಚೀಚೆ ಇಟಲಿಗೆ ಇಟಲಿಯೇ ರಜೆಯ ಮೇಲಿರುತ್ತದೆ. ಆ ಎರಡು ವಾರವನ್ನು ಬಿಟ್ಟುಬಿಡಿ.

2. ತಂಗುವ ಊರು: ಎರಡು ಸಾಕು

ದಿನಕ್ಕೊಂದು ಊರು ಬದಲಿಸಿದರೆ ಮಕ್ಕಳು ಬೆಟ್ಟಕ್ಕಿಂತ ಪೆಟ್ಟಿಗೆ ಕಟ್ಟುವುದರಲ್ಲೇ ದಣಿಯುತ್ತಾರೆ. ಮೊದಲ ಮೂರು ನಾಲ್ಕು ದಿನ ಪುಸ್ತೆರಿಯಾ ಕಣಿವೆಯ ದೊಬ್ಬಿಯಾಕೊ, ಆಮೇಲೆ ಗಾರ್ಡೇನ ಕಣಿವೆಯ ಒರ್ತಿಸೇಯ್, ಹೀಗೆ ಹಂಚಿಕೊಳ್ಳಿ. ವೆನಿಸ್, ವೆರೋನ, ಇನ್ಸ್‌ಬ್ರುಕ್, ಮ್ಯೂನಿಕ್ ಇವುಗಳಲ್ಲಿ ಯಾವುದಕ್ಕೆ ವಿಮಾನ ಅಗ್ಗವೋ ಅಲ್ಲಿಗೆ ಬನ್ನಿ. ವೆರೋನದಿಂದ ಬೊಲ್ತ್ಸಾನೊ ಮೂಲಕ ಬ್ರೆನ್ನರ್‌ಗೆ ಹೋಗುವ ರೈಲು ಹಿಡಿದು ಫೊರ್ತೆತ್ಸಾದಲ್ಲಿ ಬದಲಿಸಿದರೆ ದೊಬ್ಬಿಯಾಕೊ ತಲುಪಬಹುದು. ಒರ್ತಿಸೇಯ್‌ಗೆ ಬೊಲ್ತ್ಸಾನೊದಿಂದ ಬಸ್ಸಿದೆ.

ಈ ಸೀಮೆಯ ಹೆಚ್ಚಿನ ಹೋಟೆಲು, ಮನೆವಾಸ್ತವ್ಯಗಳು ಅತಿಥಿಗಳಿಗೆ ಸಾರ್ವಜನಿಕ ಬಸ್ಸು, ರೈಲಿನ ಉಚಿತ ಪಾಸು ಕೊಡುತ್ತವೆ. ಕೋಣೆ ಕಾದಿರಿಸುವಾಗಲೇ ಕೇಳಿ. ನಾಲ್ಕು ಜನರ ಕುಟುಂಬಕ್ಕೆ ಇದು ಸಣ್ಣ ಉಳಿತಾಯವಲ್ಲ. ಕಾರು ಬಾಡಿಗೆಗೆ ತೆಗೆದುಕೊಳ್ಳುವವರು ಭಾರತದ ಲೈಸೆನ್ಸ್ ಜತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಇಟ್ಟುಕೊಂಡಿರಬೇಕು.

ಒಂದು ಗೊಂದಲಕ್ಕೆ ಮೊದಲೇ ಸಿದ್ಧರಾಗಿ. ಇಲ್ಲಿ ಇಟಾಲಿಯನ್, ಜರ್ಮನ್, ಲಾದಿನ್ ಮೂರೂ ಭಾಷೆಗಳಿವೆ, ಒಂದೇ ಊರಿಗೆ ಎರಡು ಮೂರು ಹೆಸರು. ಒರ್ತಿಸೇಯ್ ಜರ್ಮನ್ನಿನಲ್ಲಿ ಸಾಂಕ್ಟ್ ಉಲ್ರಿಖ್, ದೊಬ್ಬಿಯಾಕೊ ಟೋಬ್ಲಾಖ್; ತ್ರೆ ಚೀಮೆ ಎಂಬ ಮೂರು ಶಿಖರಗಳು ದ್ರೈ ತ್ಸಿನ್ನೆನ್. ಬಸ್ಸಿನ ಹಲಗೆಯಲ್ಲಿ ಯಾವ ಹೆಸರು ಮೊದಲು ಬರುತ್ತದೋ ಹೇಳಲಾಗದು. ನೀವು ಹೋಗಬೇಕಾದ ಜಾಗದ ಎರಡೂ ಹೆಸರನ್ನು ಕಾಗದದಲ್ಲಿ ಬರೆದು ಮಕ್ಕಳ ಕೈಗೂ ಕೊಡಿ. ಹುಡುಕುವ ಕೆಲಸ ಅವರೇ ಮಾಡುತ್ತಾರೆ.

3. ಕಾಗದಪತ್ರ

ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲಾದರೂ ಹಾಕಬೇಕು. ಜೂನ್ ಪ್ರಯಾಣಕ್ಕೆ ಮಾರ್ಚ್‌ನಲ್ಲೇ ಸಮಯ ಕಾದಿರಿಸಿ, ಏಪ್ರಿಲ್ ಆದರೆ ನೂಕುನುಗ್ಗಲು. ಶುಲ್ಕ ದೊಡ್ಡವರಿಗೆ 90 ಯೂರೊ, 6 ತುಂಬಿ 12 ತುಂಬದ ಮಕ್ಕಳಿಗೆ 45 ಯೂರೊ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಕನಿಷ್ಠ 30,000 ಯೂರೊ ಮೊತ್ತದ ವಿಮೆ ಕಡ್ಡಾಯ. ಇಲ್ಲಿ ಎಡವುವವರು ಹೆಚ್ಚು: ವೀಸಾಕ್ಕೆ ಸಾಕಾಗುವ ಅಗ್ಗದ ವಿಮೆಯಲ್ಲಿ ಬೆಟ್ಟದ ನಡಿಗೆ ಮತ್ತು ಹೆಲಿಕಾಪ್ಟರ್ ರಕ್ಷಣೆ ಸೇರಿರದೆ ಇರಬಹುದು. ಪಾಲಿಸಿಯ ಹೊರಗಿಟ್ಟ ವಿಷಯಗಳ ಪಟ್ಟಿಯನ್ನು ಓದಿ, ಟ್ರೆಕ್ಕಿಂಗ್‌ಗೆ ಎತ್ತರದ ಮಿತಿ ಹಾಕಿದ್ದಾರೆಯೇ ನೋಡಿ. 3000 ಮೀಟರ್‌ವರೆಗಿನ ರಕ್ಷಣೆ ಇದ್ದರೆ ಇಲ್ಲಿ ಹೇಳಿರುವ ದಾರಿಗಳಿಗೆ ಸಾಲುತ್ತದೆ.

4. ಊರಿನಲ್ಲೇ ಎರಡು ತಿಂಗಳ ತಯಾರಿ

ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1930 ಮೀಟರ್. ತ್ರೆ ಚೀಮೆಯ ನಡಿಗೆ ಶುರುವಾಗುವ ಔರೋನ್ಸೊ ಬೆಟ್ಟದ ಮನೆಯೇ 2320 ಮೀಟರ್‌ನಲ್ಲಿದೆ. ಆ ಎತ್ತರಕ್ಕೆ ಉಸಿರು ಸ್ವಲ್ಪ ಬೇಗ ಬರುತ್ತದೆಯೇ ಹೊರತು ಆರೋಗ್ಯವಂತ ಮಕ್ಕಳಿಗೆ ಅಪಾಯವೇನಿಲ್ಲ. ತಯಾರಿ ಬೇಕಾಗಿರುವುದು ಕಾಲಿಗೆ, ಅದರಲ್ಲೂ ಇಳಿಯುವುದಕ್ಕೆ. ವಾರಕ್ಕೆ ಮೂರು ದಿನ ಮೆಟ್ಟಿಲು ಹತ್ತಿ ಇಳಿಯಿರಿ, ತಿಂಗಳಿಗೆರಡು ಸಲ ನಂದಿಬೆಟ್ಟದ ಮೆಟ್ಟಿಲು ದಾರಿಯನ್ನೋ ಸಾವನದುರ್ಗವನ್ನೋ ಹತ್ತಿ. ಕುಮಾರಪರ್ವತವನ್ನು ಒಂದೇ ದಿನದಲ್ಲಿ ಮುಗಿಸುವ ಮಗು ಡೊಲೊಮೈಟ್ಸ್‌ನ ಯಾವ ಸಾಮಾನ್ಯ ದಾರಿಗೂ ಹೆದರಬೇಕಿಲ್ಲ.

ಬೂಟುಗಳನ್ನು ಈ ನಡಿಗೆಗಳಲ್ಲೇ ಪಳಗಿಸಬೇಕು. ಹೊಸ ಬೂಟು ಹಾಕಿಕೊಂಡು ನೇರವಾಗಿ ಬೆಟ್ಟಕ್ಕೆ ಹೋದರೆ ಎರಡನೇ ದಿನಕ್ಕೆ ಹಿಮ್ಮಡಿಯಲ್ಲಿ ಬೊಬ್ಬೆ ಖಂಡಿತ. ಕನಿಷ್ಠ 30 ಕಿ.ಮೀ. ನಡೆದಿರಲಿ. ಕೊಳ್ಳುವಾಗ ಸಂಜೆ ಕೊಳ್ಳಿ, ಪಾದ ಆಗ ಸ್ವಲ್ಪ ಊದಿರುತ್ತದೆ. ದಪ್ಪ ಕಾಲುಚೀಲ ಹಾಕಿ, ದಾರ ಕಟ್ಟದೆ ಪಾದವನ್ನು ಪೂರ್ತಿ ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ತೂರುವಷ್ಟು ಜಾಗ ಇರಬೇಕು. ಮಕ್ಕಳು ಬೆಳೆಯುತ್ತಾರೆಂದು ಎರಡು ಅಳತೆ ದೊಡ್ಡದು ತೆಗೆದುಕೊಳ್ಳಬೇಡಿ. ಒಳಗೆ ಜಾರುವ ಪಾದವೇ ಬೊಬ್ಬೆಗೆ ಮೂಲ.

ದಾರ ಕಟ್ಟುವುದರಲ್ಲೂ ಒಂದು ಪಾಠವಿದೆ. ಹತ್ತುವಾಗ ಕಣಕಾಲಿನ ಮೇಲೆ ಸಡಿಲ, ಪಾದದ ಮೇಲೆ ಬಿಗಿ. ಇಳಿಯುವ ಮೊದಲು ನಿಂತು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿ. ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಬಡಿದು ಬೂಟಿನ ಹಿಂಬದಿಗೆ ಕೂರಿಸಿ. ಪಾದ ಕಾಲಿಗೆ ಮಡಚುವ ಜಾಗದಲ್ಲಿ, ಕೊಕ್ಕೆಗಳು ಶುರುವಾಗುವ ಮೊದಲು, ದಾರದ ಎರಡೂ ತುದಿಗಳನ್ನು ಒಂದರ ಸುತ್ತ ಒಂದು ಎರಡು ಸುತ್ತು ತಿರುಚಿ ಎಳೆಯಿರಿ. ಆ ತಿರುವು ಸಡಿಲಗೊಳ್ಳುವುದಿಲ್ಲ, ಪಾದ ಮುಂದಕ್ಕೆ ಜಾರುವುದಿಲ್ಲ. ಈ ಒಂದು ನಿಮಿಷ ಉಳಿಸಲು ಹೋದವರ ಕಾಲ್ಬೆರಳಿನ ಉಗುರುಗಳು ಸಂಜೆಗೆ ಕಪ್ಪಾಗಿರುತ್ತವೆ. ಪ್ರಯಾಣಕ್ಕೆ ಎರಡು ದಿನ ಮೊದಲು ಎಲ್ಲರ ಉಗುರನ್ನೂ ಗಿಡ್ಡಕ್ಕೆ ಕತ್ತರಿಸಿ.

5. ಬೆನ್ನುಚೀಲ

ದಿನದ ನಡಿಗೆಗೆ ದೊಡ್ಡವರ ಚೀಲ 6 ಕೆ.ಜಿ. ಮೀರದಿರಲಿ, ಮಗುವಿನದು ಅದರ ತೂಕದ ಹತ್ತನೇ ಒಂದು ಭಾಗ. 25 ಕೆ.ಜಿ. ಮಗುವಿಗೆ ಎರಡೂವರೆ ಕೆ.ಜಿ., ಅಂದರೆ ನೀರು, ಮಳೆ ಅಂಗಿ, ತಿಂಡಿ.

ನೀರು ದೊಡ್ಡವರಿಗೆ ತಲಾ 2 ಲೀಟರ್, ಮಕ್ಕಳಿಗೆ 1 ಲೀಟರ್. ಪಶ್ಚಿಮಘಟ್ಟದ ಚಾರಣಕ್ಕೆ ಒಗ್ಗಿದವರು ದಾರಿಯಲ್ಲಿ ತೊರೆ ಸಿಗುತ್ತದೆಂದು ನಂಬಿ ಹೊರಡುತ್ತಾರೆ. ಡೊಲೊಮೈಟ್ಸ್‌ನ ಬಂಡೆ ಸುಣ್ಣದ ಜಾತಿಯದು, ತುಂಬ ಬಿರುಕು. ಬಿದ್ದ ಮಳೆ ಒಳಗಿಳಿದು ಕೆಳಗಿನ ಕಣಿವೆಯಲ್ಲಿ ಹೊರಬರುತ್ತದೆ. ಮೇಲೆ ಹರಿಯುವ ನೀರು ಕಾಣುವುದೇ ಅಪರೂಪ. ಬೆಟ್ಟದ ಮನೆಗಳ ನಲ್ಲಿಯ ಮೇಲೆ ‘ಆಕ್ವಾ ನೊನ್ ಪೊತಾಬಿಲೆ’ ಎಂದಿದ್ದರೆ ಅದು ಕುಡಿಯುವ ನೀರಲ್ಲ, ಬಾಟಲಿ ಕೊಳ್ಳಬೇಕು.

ಬಟ್ಟೆಯಲ್ಲಿ ಹತ್ತಿ ಬೇಡ. ಬೆವರಿಗೆ ಒದ್ದೆಯಾದ ಹತ್ತಿ ಒಣಗುವುದಿಲ್ಲ, ನಿಂತ ಕೂಡಲೇ ಬೆನ್ನು ಕೊರೆಯುತ್ತದೆ. ಎತ್ತರ 100 ಮೀಟರ್ ಏರಿದರೆ ಉಷ್ಣಾಂಶ ಸುಮಾರು 0.65 ಡಿಗ್ರಿ ಇಳಿಯುತ್ತದೆ. 1200 ಮೀಟರ್‌ನ ಒರ್ತಿಸೇಯ್‌ನಲ್ಲಿ 24 ಡಿಗ್ರಿ ಇದ್ದರೆ ಅದರ ಮೇಲಿನ 2500 ಮೀಟರ್‌ನ ಸೆಚೆಡಾ ಬೆಟ್ಟದಲ್ಲಿ 15–16, ಗಾಳಿ ಬೀಸಿದರೆ ಇನ್ನೂ ತಣ್ಣಗೆ. ಹಾಗಾಗಿ ಜುಲೈನಲ್ಲೂ ಉಣ್ಣೆ ಟೋಪಿ, ತೆಳು ಕೈಗವಸು, ಮಳೆ ಅಂಗಿ ಪ್ರತಿಯೊಬ್ಬರಿಗೂ ಇರಬೇಕು. ಛತ್ರಿ ಎತ್ತರದಲ್ಲಿ ಉಪಯೋಗಕ್ಕೆ ಬಾರದು. ಬಿಸಿಲು ಚಳಿಗೆ ಗೊತ್ತಾಗದೆ ಸುಡುತ್ತದೆ. ಅಂಚುಳ್ಳ ಟೋಪಿ, ಕಪ್ಪು ಕನ್ನಡಕ, ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್. ಕಿವಿಯ ಹಿಂಭಾಗ, ಕತ್ತಿನ ಹಿಂಬದಿ ಮರೆಯಬೇಡಿ.

ಮಿಕ್ಕಿದ್ದು: ಹೆಡ್‌ಲ್ಯಾಂಪ್, ಸೀಟಿ, ಥಳಥಳಿಸುವ ತುರ್ತು ಹೊದಿಕೆ, ಅಗಲದ ಅಂಟುಪಟ್ಟಿ, ನಗದು. ಮಗು ‘ಕಾಲು ಬಿಸಿಯಾಗ್ತಿದೆ’ ಎಂದ ಕ್ಷಣ ನಿಂತು, ಬೂಟು ಬಿಚ್ಚಿ, ಆ ಜಾಗಕ್ಕೆ ಪಟ್ಟಿ ಹಚ್ಚಿ. ಮುಂದಿನ ಮನೆಯವರೆಗೆ ತಡೆದುಕೋ ಎಂದರೆ ಅಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ.

ಚಿಕ್ಕ ಮಗುವನ್ನು ಬೆನ್ನಿನ ಕುರ್ಚಿಯಲ್ಲಿ ಹೊರುವವರು ಒಂದು ವಿಷಯ ನೆನಪಿಡಿ. ಹೊತ್ತವರಿಗೆ ಸೆಕೆ, ಕೂತ ಮಗುವಿಗೆ ಚಳಿ. ಅರ್ಧ ಗಂಟೆಗೊಮ್ಮೆ ಅದರ ಕೈ ಪಾದ ಮುಟ್ಟಿ ನೋಡಿ. ಕೇಬಲ್ ಕಾರಿನಲ್ಲಿ ಏರುವಾಗ ಇಳಿಯುವಾಗ ಹಾಲೋ ನೀರೋ ಗುಟುಕರಿಸಿದರೆ ಕಿವಿ ಕಟ್ಟುವುದಿಲ್ಲ. ನೆಗಡಿಯಾದ ಕೂಸನ್ನು ಆ ದಿನ ಮೇಲಕ್ಕೆ ಒಯ್ಯದಿರುವುದೇ ಒಳ್ಳೆಯದು.

6. ನಕ್ಷೆ ಮತ್ತು ಫಲಕ ಓದುವುದು

ತಬಾಕ್ಕೊ ಪ್ರಕಾಶನದ 1:25,000 ಅಳತೆಯ ಕಾಗದದ ನಕ್ಷೆಗಳು ಇಲ್ಲಿ ಎಲ್ಲರ ಕೈಯಲ್ಲೂ ಕಾಣುತ್ತವೆ. ತ್ರೆ ಚೀಮೆ ಸುತ್ತಿಗೆ 010ನೇ ಹಾಳೆ, ಗಾರ್ಡೇನ ಕಣಿವೆಗೆ 05ನೇದು. ದಾರಿಯುದ್ದಕ್ಕೂ ಬಂಡೆಗಳ ಮೇಲೆ ಕೆಂಪು-ಬಿಳಿ ಪಟ್ಟಿ, ನಡುವೆ ಸಂಖ್ಯೆ ಬರೆದಿರುತ್ತದೆ. ಹೆಸರಿಗಿಂತ ಸಂಖ್ಯೆ ನಂಬಿ.

1863ರಲ್ಲಿ ಸ್ಥಾಪನೆಯಾದ ಇಟಲಿಯ ಪರ್ವತಾರೋಹಣ ಸಂಘ ‘ಕಾಯ್’ ದಾರಿಗಳನ್ನು ನಾಲ್ಕು ದರ್ಜೆಯಾಗಿ ವಿಂಗಡಿಸಿದೆ. ‘ಟಿ’ ಎಂದರೆ ಅಗಲವಾದ ಸುಲಭ ದಾರಿ. ‘ಇ’ ಸಾಮಾನ್ಯ ಚಾರಣದ ದಾರಿ, ಕಲ್ಲು, ಏರು ಇರುತ್ತದೆ. ‘ಇಇ’ ಅನುಭವಿಗಳಿಗೆ. ‘ಇಇಎ’ಗೆ ಹಗ್ಗ, ಬೆಲ್ಟು ಬೇಕು. ಆರೇಳು ವರ್ಷದ ಮಕ್ಕಳಿದ್ದರೆ ಮೊದಲೆರಡರಲ್ಲೇ ಇರಿ. ನಕ್ಷೆಯಲ್ಲಿ ಗೆರೆ ಚುಕ್ಕಿಚುಕ್ಕಿಯಾದರೆ ದಾರಿ ಕಷ್ಟದ್ದು ಎಂದರ್ಥ. ಕೆಲವು ಪದಗಳು ಬಾಯಿಗೆ ಬಂದಿರಲಿ: ಫೊರ್ಚೆಲ್ಲ ಎಂದರೆ ಎರಡು ಶಿಖರಗಳ ನಡುವಿನ ಕಣಿವೆ ಬಾಯಿ, ಮಾಲ್ಗ ದನಗಾಹಿಗಳ ಮನೆ, ರಿಫೂಜಿಯೊ ಬೆಟ್ಟದ ಮನೆ. ‘ಸೆಂತಿಯೆರೊ ಕಿಯೂಸೊ’ ದಾರಿ ಮುಚ್ಚಿದೆ; ‘ಕಾದುತಾ ಸಾಸ್ಸಿ’ ಕಲ್ಲು ಉರುಳುವ ಜಾಗ, ಅಲ್ಲಿ ನಿಲ್ಲದೆ ದಾಟಿ.

7. ಹೊತ್ತಿನ ಲೆಕ್ಕ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಆಲ್ಪ್ಸ್‌ನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸೂತ್ರ ಸರಳ. ಒಂದು ಗಂಟೆಗೆ ಸಮತಟ್ಟಿನಲ್ಲಿ 4 ಕಿ.ಮೀ., ಏರಿನಲ್ಲಿ 300 ಮೀಟರ್, ಇಳಿಜಾರಿನಲ್ಲಿ 500 ಮೀಟರ್. ದೂರದ ಸಮಯವನ್ನೂ ಏರಿಳಿತದ ಸಮಯವನ್ನೂ ಬೇರೆ ಬೇರೆ ಲೆಕ್ಕ ಹಾಕಿ, ದೊಡ್ಡದಕ್ಕೆ ಚಿಕ್ಕದರ ಅರ್ಧ ಸೇರಿಸಬೇಕು.

ತ್ರೆ ಚೀಮೆ ಸುತ್ತು ಸುಮಾರು 10 ಕಿ.ಮೀ., ಏರು ಸುಮಾರು 400 ಮೀಟರ್, ಇಳಿತವೂ ಅಷ್ಟೇ. ದೂರಕ್ಕೆ ಎರಡೂವರೆ ಗಂಟೆ. ಏರಿಗೆ 80 ನಿಮಿಷ, ಇಳಿತಕ್ಕೆ 48 ನಿಮಿಷ, ಒಟ್ಟು 128. ದೊಡ್ಡದು 150 ನಿಮಿಷ. ಅದಕ್ಕೆ 64 ಸೇರಿಸಿದರೆ ಮೂರೂವರೆ ಗಂಟೆಗೆ ಸ್ವಲ್ಪ ಮೇಲೆ. ಇದು ನಿಲ್ಲದೆ ನಡೆಯುವ ದೊಡ್ಡವರ ಸಮಯ. ಎಂಟು ವರ್ಷದ ಮಗುವಿದ್ದರೆ ಒಂದೂವರೆ ಪಟ್ಟು ಮಾಡಿ, ಐದೂ ಕಾಲು ಗಂಟೆ. ಊಟ, ಫೋಟೊ, ಕಲ್ಲು ಎಸೆದಾಟಕ್ಕೆ ಇನ್ನೊಂದೂವರೆ. ಏಳು ಗಂಟೆಯ ದಿನ ಎಂದಾಯಿತು. ಏಳೂವರೆಗೆ ಹೊರಟರೆ ಎರಡೂವರೆಗೆ ವಾಪಸು. ಹತ್ತಕ್ಕೆ ಹೊರಟರೆ ಸಂಜೆ ಐದು, ಅಂದರೆ ಗುಡುಗಿನ ಹೊತ್ತಿನುದ್ದಕ್ಕೂ ಬಯಲಿನಲ್ಲಿ.

ಜುಲೈನಲ್ಲಿ ಇಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಆ ಬೆಳಕನ್ನು ನಂಬಿ ತಡವಾಗಿ ಹೊರಡುವುದೇ ಭಾರತದಿಂದ ಹೋದ ಕುಟುಂಬಗಳ ದೊಡ್ಡ ತಪ್ಪು. ಬೆಳಕು ಮುಗಿಯುವ ಮೊದಲೇ ಎರಡು ಸಂಗತಿ ಮುಗಿಯುತ್ತವೆ: ಹವೆ, ಮತ್ತು ಕೇಬಲ್ ಕಾರು. ಹಲವು ಕೇಬಲ್ ಕಾರುಗಳ ಕೊನೆಯ ಇಳಿತ ಸಂಜೆ ಐದರ ಸುಮಾರಿಗೆ. ಸೆಚೆಡಾದಲ್ಲಿ ಅದು ತಪ್ಪಿದರೆ ಒರ್ತಿಸೇಯ್‌ಗೆ 1200 ಮೀಟರ್‌ಗೂ ಹೆಚ್ಚು ಕಾಲಿನಲ್ಲೇ ಇಳಿಯಬೇಕು. ಮೇಲೆ ಕಾಲಿಟ್ಟ ಕೂಡಲೇ ಕೊನೆಯ ಇಳಿತದ ಸಮಯದ ಫಲಕವನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ.

ಹೊರಡುವ ಮೊದಲೇ ತಿರುಗುವ ಗಂಟೆಯನ್ನೂ ಎಲ್ಲರೆದುರು ಹೇಳಿಬಿಡಿ. ‘ಹನ್ನೊಂದೂವರೆಗೆ ಎಲ್ಲಿದ್ದರೂ ವಾಪಸು’ ಎಂದು ಮೊದಲೇ ಒಪ್ಪಿಕೊಂಡಿದ್ದರೆ ಮೇಲೆ ನಿಂತು ವಾದ ನಡೆಯುವುದಿಲ್ಲ.

8. ಮೊದಲ ಎರಡು ದಿನ: ಕೆರೆ, ಆಮೇಲೆ ಒಂದು ಸಣ್ಣ ಶಿಖರ

ಬಂದ ಮರುದಿನ ಲಾಗೊ ದಿ ಬ್ರೈಯೆಸ್ ಕೆರೆಯ ಸುತ್ತು. 1496 ಮೀಟರ್ ಎತ್ತರ, ಮೂರೂವರೆ ಕಿ.ಮೀ., ಒಂದೂವರೆ ಗಂಟೆ. ಪೂರ್ವದ ದಡದಲ್ಲಿ ಸ್ವಲ್ಪ ಮೆಟ್ಟಿಲು ಇರುವುದರಿಂದ ತಳ್ಳುಗಾಡಿ ಬೇಡ. ಜುಲೈ 10ರಿಂದ ಸೆಪ್ಟೆಂಬರ್ 10ರವರೆಗೆ ಬೆಳಗ್ಗೆ 9.30ರಿಂದ ಸಂಜೆ 4ರವರೆಗೆ ಮೊದಲೇ ಕಾದಿರಿಸದ ಕಾರನ್ನು ಆ ಕಣಿವೆಗೆ ಬಿಡುವುದಿಲ್ಲ. ಏಳೂವರೆಗೆ ಅಲ್ಲಿರಿ, ಗಾಳಿ ಏಳುವ ಮೊದಲು ನೀರಿನಲ್ಲಿ ಬೆಟ್ಟ ತಲೆಕೆಳಗಾಗಿ ನಿಂತಿರುತ್ತದೆ.

ಎರಡನೇ ದಿನಕ್ಕೆ ಮೋಂತೆ ಸ್ಪೇಚಿಯೆ, 2307 ಮೀಟರ್. ಮಕ್ಕಳ ಮೊದಲ ಆಲ್ಪ್ಸ್ ಶಿಖರಕ್ಕೆ ಇದಕ್ಕಿಂತ ಒಳ್ಳೆಯದನ್ನು ಸೂಚಿಸುವುದು ಕಷ್ಟ. ಸುಮಾರು 2000 ಮೀಟರ್‌ನ ಪ್ರಾತೊ ಪಿಯಾತ್ಸಾ ಹುಲ್ಲುಗಾವಲಿನವರೆಗೆ ಬಸ್ಸು ಹೋಗುತ್ತದೆ. ಅಲ್ಲಿಂದ ವಲ್ಲಾಂದ್ರೊ ಬೆಟ್ಟದ ಮನೆ ದಾಟಿ, ಮಹಾಯುದ್ಧದ ಕಾಲದ ಹಳೆಯ ಸೇನಾ ರಸ್ತೆಯಲ್ಲಿ ನಿಧಾನವಾಗಿ ಒಟ್ಟು 300 ಮೀಟರ್ ಏರು. ಕಡಿದಾದ ಜಾಗವಿಲ್ಲ, ಒಂದೂವರೆ ಗಂಟೆಯ ಹಾದಿ. ತುದಿಯಲ್ಲಿ ಶಿಲುಬೆ, ಎದುರಿಗೆ ತ್ರೆ ಚೀಮೆ. ನಾಳೆ ಹೋಗುವ ಜಾಗವನ್ನು ಇವತ್ತೇ ತೋರಿಸಬಹುದು. ಈ ದಿನ ಮಗು ಎಷ್ಟು ಹೊತ್ತು ತೆಗೆದುಕೊಂಡಿತು ಬರೆದಿಡಿ. ಸೂತ್ರದ ಸಮಯಕ್ಕೂ ಅದಕ್ಕೂ ಇರುವ ಅನುಪಾತವೇ ನಿಮ್ಮ ಕುಟುಂಬದ ನಿಜವಾದ ವೇಗ. ಮುಂದಿನ ದಿನಗಳಿಗೆ ಮೇಲಿನ ಒಂದೂವರೆ ಪಟ್ಟಿನ ಬದಲು ಅದನ್ನು ಬಳಸಿ.

9. ತ್ರೆ ಚೀಮೆ ಸುತ್ತು

ನಡುವಿನ ಶಿಖರ ಚೀಮ ಗ್ರಾಂದೆ 2999 ಮೀಟರ್. 3000ಕ್ಕೆ ಒಂದೇ ಮೀಟರ್ ಕಡಿಮೆ ಎಂಬುದನ್ನು ಮಕ್ಕಳು ಮರೆಯುವುದಿಲ್ಲ. ಮಿಸುರೀನದಿಂದ ಔರೋನ್ಸೊವರೆಗಿನ ರಸ್ತೆಗೆ ಸುಂಕವಿದೆ, 2025ರಿಂದ ಕಾರಿಗೆ ಆನ್‌ಲೈನ್‌ನಲ್ಲಿ ಮುಂಗಡ ಕಾದಿರಿಸುವುದು ಕಡ್ಡಾಯ. ದೊಬ್ಬಿಯಾಕೊದಿಂದ ಬರುವ 444 ಸಂಖ್ಯೆಯ ಬಸ್ಸಿಗೂ ಮುಂಗಡ ಬೇಕು.

ಔರೋನ್ಸೊದಿಂದ 101ನೇ ದಾರಿ ಹಿಡಿಯಿರಿ. ಅರ್ಧ ಗಂಟೆ ಅಗಲವಾದ ಜಲ್ಲಿ ರಸ್ತೆ, ಲವರೆದೊ ಮನೆಯವರೆಗೆ ಏರೇ ಇಲ್ಲವೆನ್ನಬಹುದು. ಅಜ್ಜ ಅಜ್ಜಿ ಜತೆಗಿದ್ದರೆ ಅವರು ಇಲ್ಲಿವರೆಗೆ ಬಂದು ಕಾಫಿ ಕುಡಿದು ಮರಳಬಹುದು. ಮುಂದೆ ಫೊರ್ಚೆಲ್ಲ ಲವರೆದೊಗೆ (2454 ಮೀಟರ್) ನೂರು ಮೀಟರ್‌ನ ಏರು. ಅದನ್ನು ಹತ್ತಿ ಮುಗಿಸಿದಾಗ ಅಲ್ಲಿಯವರೆಗೆ ಪಕ್ಕದಿಂದಷ್ಟೇ ಕಂಡಿದ್ದ ಶಿಖರಗಳ ಉತ್ತರದ ಗೋಡೆಗಳು ಒಮ್ಮೆಗೇ ಎದುರಾಗುತ್ತವೆ. ಕತ್ತೆತ್ತಿ ನೋಡಿದರೆ ಬಂಡೆಯ ಮೇಲೆ ಹಳದಿ, ಬೂದು ಪಟ್ಟೆಗಳ ನಡುವೆ ಚುಕ್ಕೆಗಳಂತೆ ಹತ್ತುವವರು ಕಾಣುತ್ತಾರೆ. ಬೈನಾಕ್ಯುಲರ್ ಒಯ್ದಿದ್ದರೆ ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಅಲ್ಲಿಂದ ಮುಕ್ಕಾಲು ಗಂಟೆಗೆ ಲೊಕಾತೆಲ್ಲಿ ಮನೆ, 2405 ಮೀಟರ್. ಊಟ ಇಲ್ಲಿ, ಹನ್ನೊಂದೂವರೆಗೆ ಮೊದಲು. ಹನ್ನೆರಡರ ಮೇಲೆ ಸರದಿ ಉದ್ದವಾಗುತ್ತದೆ.

ಇನ್ನು ತಪ್ಪುವ ಜಾಗ. ಲೊಕಾತೆಲ್ಲಿಯ ಅಂಗಳದಿಂದ ನೋಡಿದರೆ ಉಳಿದ ಅರ್ಧ ಸುತ್ತು ಹಸಿರು ಬಯಲಿನಂತೆ ಕಾಣುತ್ತದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. 105ನೇ ದಾರಿ ಸುಮಾರು 200 ಮೀಟರ್ ಕೆಳಗಿಳಿದು, ಆಮೇಲೆ ಮತ್ತೆ ಹತ್ತಿ, ಲಾಂಗಾಲ್ಮ್ ಮಾಲ್ಗ ಮುಟ್ಟಿ, ಇನ್ನೂ ಒಂದು ಕಣಿವೆ ಬಾಯಿ ದಾಟಿ ಔರೋನ್ಸೊಗೆ ಬರುತ್ತದೆ. ಊಟವಾದ ಹೊಟ್ಟೆ, ನೆತ್ತಿಯ ಮೇಲೆ ಬಿಸಿಲು. ಚಿಕ್ಕವರು ಕುಳಿತುಬಿಡುವುದು ಇಲ್ಲೇ. ಆದ್ದರಿಂದ ಲೊಕಾತೆಲ್ಲಿಯಲ್ಲೇ ತೀರ್ಮಾನ ಮಾಡಿ. ಹನ್ನೆರಡು ದಾಟಿದ್ದರೆ, ಮೋಡ ಕಟ್ಟಿದ್ದರೆ, ಯಾರಾದರೂ ಕುಂಟುತ್ತಿದ್ದರೆ, ಬಂದ ದಾರಿಯಲ್ಲೇ ಮರಳಿ. ಏರು ಕಡಿಮೆ, ದಾರಿ ಗೊತ್ತಿರುವುದು, ನಡುವೆ ಒಂದು ಮನೆಯೂ ಇದೆ. ಸುತ್ತು ಪೂರ್ತಿಯಾಗಲಿಲ್ಲ ಎಂದು ಬೇಜಾರು ಬೇಡ, ನೋಡಬೇಕಾದ್ದು ನೋಡಿಯಾಗಿದೆ.

10. ಗಾರ್ಡೇನ ಮತ್ತು ಫುನೆಸ್

ಒರ್ತಿಸೇಯ್‌ಗೆ ಬಂದ ದಿನ ವಿಶ್ರಾಂತಿ. ಆಮೇಲೆ ಆಲ್ಪೆ ದಿ ಸಿಯೂಸಿ, ಸುಮಾರು 56 ಚದರ ಕಿ.ಮೀ. ಹರಡಿದ ಹುಲ್ಲುಗಾವಲು, ಐದು ವರ್ಷದ ಮಗುವೂ ನಡೆಯುತ್ತದೆ. ಪಕ್ಕದ ಫುನೆಸ್ ಕಣಿವೆಯಲ್ಲಿ ಓದ್ಲೆ ಶಿಖರಗಳ ಬುಡದ ಕಾಡಿನಲ್ಲಿ ಸಾಗುವ ಅಡೋಲ್ಫ್ ಮುಂಕೆಲ್ ದಾರಿ (ಸಂಖ್ಯೆ 35) ಬಿಸಿಲಿನ ದಿನಕ್ಕೆ ಹೇಳಿ ಮಾಡಿಸಿದಂತಿದೆ: ನೆರಳು, 400 ಮೀಟರ್ ಏರು, ಕೊನೆಗೆ ಊಟದ ಮನೆ. ಎಂಟು ಸಾವಿರ ಮೀಟರ್ ಮೀರಿದ 14 ಶಿಖರಗಳನ್ನೂ ಮೊದಲು ಹತ್ತಿದ ರೈನ್‌ಹೋಲ್ಡ್ ಮೆಸ್ನರ್ ಬೆಳೆದದ್ದು ಇದೇ ಕಣಿವೆಯಲ್ಲಿ. ಐದನೇ ವಯಸ್ಸಿಗೆ ತಂದೆಯ ಜತೆ ಇಲ್ಲಿನ ಬೆಟ್ಟ ಹತ್ತಲು ಶುರು ಮಾಡಿದವರು.

11. ಕಬ್ಬಿಣದ ದಾರಿ ಯಾರಿಗೆ

ಬಂಡೆಗೆ ಉಕ್ಕಿನ ಹಗ್ಗ, ಏಣಿ ಜಡಿದ ದಾರಿಗಳಿಗೆ ವಿಯಾ ಫೆರ್ರಾತ ಎನ್ನುತ್ತಾರೆ. ಮೊದಲ ಮಹಾಯುದ್ಧದಲ್ಲಿ ಸೈನಿಕರು ಹಾಕಿದ ಎಷ್ಟೋ ಹಾದಿಗಳು ಇವುಗಳಲ್ಲಿ ಸೇರಿವೆ. ಹನ್ನೆರಡರ ಮಕ್ಕಳಿಗೆ ಭಾರೀ ಉತ್ಸಾಹ, ಆದರೆ ಇಲ್ಲಿ ನೋಡಬೇಕಾದ್ದು ತೂಕ. ಬೆಲ್ಟಿನಿಂದ ಉಕ್ಕಿನ ಹಗ್ಗಕ್ಕೆ ಸಿಕ್ಕಿಸುವ ಸೆಟ್ಟಿನಲ್ಲಿ ಮಡಚಿ ಹೊಲಿದ ಪಟ್ಟಿಯೊಂದಿದೆ. ಬಿದ್ದಾಗ ಹೊಲಿಗೆ ಹಂತಹಂತವಾಗಿ ಹರಿದು ಹೊಡೆತವನ್ನು ತಾನು ನುಂಗುತ್ತದೆ. ಈಗಿನ ಯುರೋಪಿನ ಮಾನದಂಡ ಈ ಸೆಟ್ಟುಗಳನ್ನು 40ರಿಂದ 120 ಕೆ.ಜಿ.ವರೆಗಿನವರಿಗಷ್ಟೇ ಒಪ್ಪುತ್ತದೆ. 28 ಕೆ.ಜಿ. ಮಗು ಬಿದ್ದರೆ ಹೊಲಿಗೆ ಸರಿಯಾಗಿ ಹರಿಯದೆ ಪೂರ್ತಿ ಹೊಡೆತ ಬೆನ್ನುಮೂಳೆಗೆ ಬೀಳಬಹುದು. 40 ಕೆ.ಜಿ. ಒಳಗಿನ ಮಕ್ಕಳನ್ನು ಮೇಲಿನಿಂದ ಹಗ್ಗ ಹಿಡಿದು ಕಾಯುವ ಪರವಾನಗಿ ಪಡೆದ ಗೈಡ್ ಜತೆಗಲ್ಲದೆ ಕಳಿಸಬೇಡಿ.

ತೂಕ ಸಾಲುವವರಿಗೂ ಮೊದಲ ದಿನ ಗೈಡ್ ಇರಲಿ. ನಿಯಮ ಎರಡೇ. ಹಗ್ಗದ ಗೂಟ ದಾಟುವಾಗ ಕೊಕ್ಕೆಗಳನ್ನು ಒಂದಾದ ಮೇಲೊಂದು ಬದಲಿಸಬೇಕು, ಎರಡೂ ಒಟ್ಟಿಗೆ ಬಿಚ್ಚಿರಬಾರದು. ಮತ್ತು ಎರಡು ಗೂಟಗಳ ನಡುವೆ ಒಬ್ಬರೇ ಇರಬೇಕು, ಮೇಲಿನವರು ಜಾರಿದರೆ ಕೆಳಗಿನ ಗೂಟದವರೆಗೂ ಬರುತ್ತಾರೆ.

ಹತ್ತು ದಾಟಿದ ಮಕ್ಕಳಿಗೆ ಇದರ ಬದಲು ಲಾಗತ್ಸುವೋಯಿ ಸುರಂಗ ಇದೆ. 2105 ಮೀಟರ್‌ನ ಫಾಲ್ತ್ಸಾರೆಗೊ ಪಾಸ್‌ನಿಂದ ಕೇಬಲ್ ಕಾರಿನಲ್ಲಿ ಏರಿ, ಇಟಲಿಯ ಸೈನಿಕರು ಬೆಟ್ಟದೊಳಗೆ ಕೊರೆದ ಸುರಂಗದಲ್ಲಿ ಇಳಿದು ಬರುವುದು. ಮೆಟ್ಟಿಲು ಕಡಿದು, ಒದ್ದೆ, ಕತ್ತಲು; ಹೆಲ್ಮೆಟ್ಟು, ಹೆಡ್‌ಲ್ಯಾಂಪ್, ಕೈಗವಸು ಇಲ್ಲದೆ ಒಳಗೆ ಹೋಗಬೇಡಿ. ಮಂಡಿನೋವು ಇರುವವರು ಕೇಬಲ್ ಕಾರಿನಲ್ಲೇ ಇಳಿಯಲಿ.

ಹಿಮನದಿಯ ಕಡೆಗೆ ಮಕ್ಕಳೊಂದಿಗೆ ಹೋಗಲೇಬೇಡಿ. 2022ರ ಜುಲೈ 3ರಂದು, ಸುಡುಬಿಸಿಲಿನ ದಿನ, ಈ ಸೀಮೆಯ ಅತಿ ಎತ್ತರದ ಮಾರ್ಮೊಲಾದದಲ್ಲಿ ಹಿಮದ ರಾಶಿ ಕಳಚಿ ಬಿದ್ದು 11 ಜನ ಸತ್ತರು.

12. ಸಸ್ಯಾಹಾರ

‘ಸೆನ್ತ್ಸ ಕಾರ್ನೆ’ ಎಂದರೆ ಮಾಂಸ ಬೇಡ. ಅಷ್ಟು ಹೇಳಿದರೂ ‘ಸ್ಪೆಕ್’ ಎಂಬ ಹೊಗೆ ಹಾಕಿದ ಹಂದಿಮಾಂಸದ ಚೂರುಗಳು ಹುರಿದ ಆಲೂಗಡ್ಡೆಯಲ್ಲಿ, ಬ್ರೆಡ್ ಉಂಡೆ ಕನೆದೆರ್ಲಿಯಲ್ಲಿ ಬಂದುಬಿಡಬಹುದು. ಅದರ ಹೆಸರು ಹಿಡಿದೇ ಬೇಡವೆನ್ನಿ. ತರಕಾರಿ ಸೂಪಿನ ನೀರು ಮಾಂಸದ ‘ಬ್ರೋದೊ’ ಆಗಿರಬಹುದು, ಕೇಳಿ. ಟೊಮೇಟೊ ಪಾಸ್ತಾ, ಚೀಸ್ ಹಾಕಿದ ಪೊಲೆಂತ, ಬೀಟ್‌ರೂಟ್ ತುಂಬಿ ಬೆಣ್ಣೆ ಗಸಗಸೆ ಉದುರಿಸಿದ ಕಸುಂತ್ಸಿಯೆಯ್ ಹೊಟ್ಟೆ ತುಂಬಿಸುತ್ತವೆ. ಮಕ್ಕಳು ಕೇಳುವ ಕೈಸರ್‌ಶ್ಮಾರ್ನ್‌ನಲ್ಲಿ ಮೊಟ್ಟೆ ಇದೆ.

ಊರಿನಿಂದ ಚಟ್ನಿಪುಡಿ, ಅವಲಕ್ಕಿ, ಕೋಡುಬಳೆ, ನಿಪ್ಪಟ್ಟು ಧಾರಾಳವಾಗಿ ಒಯ್ಯಿರಿ. ಬೆವರಿದ ಮೈಗೆ ಉಪ್ಪಿನ ತಿಂಡಿಯೇ ಬೇಕು. ತುಪ್ಪ, ಹಾಲಿನಪುಡಿಯಂಥ ಹೈನು ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಹಸಿ ಕರಿಬೇವನ್ನೂ ಪ್ರಮಾಣಪತ್ರವಿಲ್ಲದೆ ತರುವಂತಿಲ್ಲ.

13. ಬೆಟ್ಟದ ಮನೆಯಲ್ಲಿ ಒಂದು ರಾತ್ರಿ

ಚಳಿಗಾಲದಲ್ಲೇ ಕಾದಿರಿಸಿ. ಊಟ, ತಿಂಡಿ ಸೇರಿದ ‘ಮೆದ್ಜ ಪೆನ್ಸಿಯೋನೆ’ ಕೇಳಿ. ಕಂಬಳಿ ಅವರದು, ಒಳಗೆ ಹಾಸಿಕೊಳ್ಳುವ ಚೀಲದಂಥ ಬಟ್ಟೆ ನಿಮ್ಮದು. ಬೂಟು ಬಾಗಿಲಲ್ಲೇ ಬಿಡಬೇಕು. ರಾತ್ರಿಯ ಊಟ ಏಳರ ಸುಮಾರಿಗೆ, ಹತ್ತಕ್ಕೆ ದೀಪ ಆರುತ್ತದೆ. ಸಂಜೆ ಬಂಡೆಗಳು ಗುಲಾಬಿಯಾಗುವ ಎನ್ರೊಸದೀರ ನೋಡಲು ಆ ಒಂದು ರಾತ್ರಿ ಸಾಕು.

14. ಸಿಡಿಲು ಬಂದರೆ, ಏಟಾದರೆ

ಬೆಳಗ್ಗೆಯೇ ಹವಾಮಾನ ನೋಡಿ. ವೆನೆತೊ ಪ್ರಾಂತ್ಯದ ‘ಅರ್ಪಾವ್’ ಸಂಸ್ಥೆ ಡೊಲೊಮೈಟ್ಸ್‌ಗೆಂದೇ ವರದಿ ಕೊಡುತ್ತದೆ. ಹತ್ತೂವರೆಗೇ ಮೋಡ ಹೂಕೋಸಿನಂತೆ ಮೇಲಕ್ಕೆ ಉಬ್ಬುತ್ತಿದ್ದರೆ ಮಧ್ಯಾಹ್ನದವರೆಗೆ ಕಾಯಬೇಡಿ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಕಿ.ಮೀ. ದೂರ ಸಿಗುತ್ತದೆ. 30 ಸೆಕೆಂಡಿಗಿಂತ ಕಡಿಮೆಯಾದರೆ ಏಣು, ಶಿಲುಬೆ, ಒಂಟಿಮರ, ಉಕ್ಕಿನ ಹಗ್ಗದಿಂದ ದೂರ ಸರಿದು ಇಳಿಯಿರಿ. ಇಳಿಯಲಾಗದಿದ್ದರೆ ತಗ್ಗಿನಲ್ಲಿ, ಬೆನ್ನುಚೀಲದ ಮೇಲೆ, ಕಾಲು ಜೋಡಿಸಿ, ಒಬ್ಬರಿಂದೊಬ್ಬರು ದೂರ ಕುಕ್ಕರಗಾಲಲ್ಲಿ ಕೂರಿ.

ತುರ್ತಿಗೆ 112. ‘ವೇರ್ ಆರ್ ಯು’ ಎಂಬ ಆ್ಯಪ್ ಕರೆಯ ಜತೆಗೇ ನೀವಿರುವ ಜಾಗವನ್ನು ಕಳಿಸುತ್ತದೆ, ಊರಿನಲ್ಲೇ ಹಾಕಿಕೊಳ್ಳಿ. ಫೋನ್ ಸಿಗದಿದ್ದರೆ ಸೀಟಿ: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ಉತ್ತರವಾಗಿ ನಿಮಿಷಕ್ಕೆ ಮೂರು ಕೇಳಿಸುತ್ತದೆ. ಹೆಲಿಕಾಪ್ಟರ್ ಕಂಡಾಗ ಸಹಾಯ ಬೇಕಿದ್ದರೆ ಎರಡೂ ಕೈ ಮೇಲೆತ್ತಿ ನಿಲ್ಲಿ, ಬೇಡವಾದರೆ ಒಂದೇ ಕೈ ಮೇಲೆ, ಇನ್ನೊಂದು ಕೆಳಗೆ. ಸಂತೋಷಕ್ಕೆ ಎರಡು ಕೈ ಬೀಸಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಕೊಡಿ.

15. ಸಂಜೆ

ಕಾಡು, ಹುಲ್ಲಿನಲ್ಲಿ ನಡೆದ ದಿನ ಮಕ್ಕಳ ಮಂಡಿಯ ಹಿಂಭಾಗ, ತೊಡೆಸಂದಿ, ಕಿವಿಯ ಹಿಂದೆ ಉಣ್ಣಿ ಹುಳು ಕಚ್ಚಿದೆಯೇ ನೋಡಿ. ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಎಣ್ಣೆ ಸುರಿಯಬೇಡಿ, ತಿರುಚಬೇಡಿ. ಒದ್ದೆ ಬೂಟಿನ ಒಳಹಾಸು ತೆಗೆದು ಹಳೆಯ ದಿನಪತ್ರಿಕೆ ತುರುಕಿ, ಮಲಗುವ ಮುನ್ನ ಒಮ್ಮೆ ಕಾಗದ ಬದಲಿಸಿ. ಹೀಟರ್ ಮೇಲಿಟ್ಟರೆ ಅಟ್ಟೆಯ ಅಂಟು ಬಿಡುತ್ತದೆ. ಎರಡು ದಿನ ನಡೆದರೆ ಮೂರನೇ ದಿನ ಕೆರೆ ದಂಡೆ, ಐಸ್‌ಕ್ರೀಮ್. ನಾಳೆಯ ದಾರಿಯನ್ನು ನಕ್ಷೆಯಲ್ಲಿ ಮಕ್ಕಳೇ ಬೆರಳಿಟ್ಟು ತೋರಿಸಲಿ, ಹೊರಡುವ ಮತ್ತು ತಿರುಗುವ ಗಂಟೆಯನ್ನು ಅವರ ಕೈಯಲ್ಲೇ ಬರೆಸಿ.